ಕಿಟಕಿಯ ಗ್ರಿಲ್ ಜಾಮ್ ಆಗಿದೆಯಾ? ಹಾರೆ ಹಿಡಿಯುವ ಮೊದಲು ಬಿಜಾಗ್ರಿ ನೋಡಿ

ಕುಂದಾಪುರ: ಮಳೆಗಾಲ ಮುಗಿದು ನವರಾತ್ರಿ ಹತ್ತಿರ ಬಂದಾಗ ಮನೆ ಮನೆಯಲ್ಲೂ ಧೂಳು ಹೊಡೆಯುವ ಕೆಲಸ ಶುರುವಾಗುತ್ತದೆ. ನಾಲ್ಕು ತಿಂಗಳು ಮುಚ್ಚಿಯೇ ಇದ್ದ ಮಹಡಿ ಕೋಣೆಯ ಕಿಟಕಿ ತೆರೆಯುತ್ತಾರೆ. ಗ್ರಿಲ್‌ನಲ್ಲಿ ತುರ್ತಿಗೆ ಬೇಕಾಗುತ್ತದೆ ಎಂದು ಮನೆ ಕಟ್ಟುವಾಗ ಹೇಳಿ ಮಾಡಿಸಿದ ಸಣ್ಣ ಬಾಗಿಲೊಂದು ಇರುತ್ತದೆ. ಅದರ ಬೀಗಕ್ಕೆ ಕೀ ಹಾಕಿದರೆ ಕೀ ತಿರುಗುವುದಿಲ್ಲ. ಹೇಗೋ ಬೀಗ ತೆಗೆದರೆ ಬಾಗಿಲು ಅಲುಗುವುದಿಲ್ಲ. "ಇದು ಬರುದಿಲ್ಲ ಮಾರಾಯ್ರೆ, ಮತ್ತೆ ನೋಡುವ" ಎಂದು ಬಟ್ಟೆಯಲ್ಲಿ ಒರೆಸಿ ಕಿಟಕಿ ಮುಚ್ಚುತ್ತಾರೆ. ಆ "ಮತ್ತೆ" ಮುಂದಿನ ನವರಾತ್ರಿಗೂ ಬರುವುದಿಲ್ಲ.

ಕುಂದಾಪುರ, ಬೈಂದೂರು, ಉಡುಪಿ, ಕಾಪು ಎಲ್ಲ ಕಡೆಯೂ ಇದೇ ಕತೆ. ಗ್ರಿಲ್ ಕಳ್ಳನನ್ನು ಹೊರಗೆ ಇಡುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಒಳಗಿದ್ದವರನ್ನು ಅದು ಒಳಗೇ ಇಡುತ್ತದೆ ಎನ್ನುವುದು ನೆನಪಾಗುವುದು ಮೆಟ್ಟಿಲಿನಲ್ಲಿ ಹೊಗೆ ತುಂಬಿದಾಗ ಮಾತ್ರ. 2019ರ ಡಿಸೆಂಬರ್ 8ರ ಬೆಳಗಿನ ಜಾವ ದೆಹಲಿಯ ಅನಾಜ್ ಮಂಡಿಯಲ್ಲಿ ಕೆಲಸಗಾರರು ಮಲಗಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 43 ಮಂದಿ ಸತ್ತರು. ಅಗ್ನಿಶಾಮಕ ದಳದವರು ಕಿಟಕಿಯ ಕಬ್ಬಿಣದ ಗ್ರಿಲ್ ಕತ್ತರಿಸಿ ಒಳಗೆ ಹೋಗಬೇಕಾಯಿತು. 2025ರ ಮೇ 18ರಂದು ಹೈದರಾಬಾದಿನ ಚಾರ್‌ಮಿನಾರ್ ಹತ್ತಿರದ ಗುಲ್ಜಾರ್ ಹೌಜ್‌ನಲ್ಲಿ 17 ಮಂದಿ ಹೋದರು. ಅಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಹೋಗಿ ಬರಲು ಇಕ್ಕಟ್ಟಿನ ಒಂದೇ ದಾರಿ. ಎರಡೂ ಕಡೆ ಹೆಚ್ಚಿನವರ ಜೀವ ತೆಗೆದದ್ದು ಉರಿಗಿಂತ ಹೊಗೆ. ಕೆಳಗೆ ಅಂಗಡಿ, ಮೇಲೆ ಮನೆ ಎನ್ನುವ ಕಟ್ಟಡ ನಮ್ಮ ತಾಲೂಕಿನ ಯಾವ ಪೇಟೆಯಲ್ಲಿಲ್ಲ ಹೇಳಿ.

ಸಮಾಧಾನದ ಮಾತೆಂದರೆ, ಜಾಮ್ ಆದ ಗ್ರಿಲ್‌ಗಳಲ್ಲಿ ಹೆಚ್ಚಿನವು ಮನೆಯಲ್ಲೇ ಬಿಡಿಸಬಹುದಾದವು. ಅದಕ್ಕೆ ಬೇಕಾದದ್ದು ತೋಳಿನ ಬಲಕ್ಕಿಂತ ಎರಡು ದಿನದ ತಾಳ್ಮೆ.

ಎಲ್ಲಿ ಹಿಡಿದುಕೊಂಡಿದೆ?

ಗ್ರಿಲ್ ಪೂರ್ತಿ ಜಾಮ್ ಆಗುವುದಿಲ್ಲ. ಅದರಲ್ಲಿ ಎಲ್ಲೋ ಬೆರಳಿನಷ್ಟು ಜಾಗ ಹಿಡಿದುಕೊಂಡಿರುತ್ತದೆ. ಅದು ಬಿಜಾಗ್ರಿ, ಅಂದರೆ ಹಿಂಜ್ ಆಗಿರಬಹುದು. ಚಿಲಕದ ಸರಳು ಅಥವಾ ಬೀಗ ಆಗಿರಬಹುದು. ಇಲ್ಲವೇ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಬಣ್ಣ ತುಂಬಿ ಮುಚ್ಚಿಹೋಗಿರಬಹುದು. ಯಾವುದು ಎಂದು ತಿಳಿಯದೆ ಎಳೆದರೆ ಸರಿ ಇದ್ದದ್ದು ಬಾಗುತ್ತದೆ, ಹಿಡಿದದ್ದು ಹಿಡಿದೇ ಇರುತ್ತದೆ.

ನಮ್ಮ ಕಡೆ ವೆಲ್ಡಿಂಗ್ ಶಾಪಿನಲ್ಲಿ ಮಾಡುವ ಬಿಜಾಗ್ರಿ ತೀರಾ ಸರಳ. ಸಣ್ಣ ಪೈಪಿನ ತುಂಡು, ಅದರೊಳಗೆ ಕಬ್ಬಿಣದ ಸರಳು, ಅಷ್ಟೇ. ಹೊಸದರಲ್ಲಿ ಎರಡರ ನಡುವೆ ಕೂದಲೆಳೆಯಷ್ಟು ಜಾಗ ಇರುತ್ತದೆ. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಮೂರು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಜಾಗ ತಿನ್ನುತ್ತದೆ. ಪೈಪಿನ ಒಳಗೆ ಹಿಗ್ಗಲು ಜಾಗ ಎಲ್ಲಿದೆ? ಹಾಗಾಗಿ ತುಕ್ಕೇ ಬೆಣೆಯಾಗಿ ಸರಳನ್ನು ಬಿಗಿದುಬಿಡುತ್ತದೆ. ಕರಾವಳಿಯಲ್ಲಿ ಇದು ಬೇಗ ಆಗಲು ಕಾರಣ ಬರೀ ಮಳೆಯಲ್ಲ, ಉಪ್ಪು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ನಿಜ, ಆದರೆ ಮಳೆ ಬಿಟ್ಟ ಮೇಲೂ ಗಾಳಿಯಲ್ಲಿ ಬಂದು ಕೂತ ಉಪ್ಪು ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಮರವಂತೆ, ಗಂಗೊಳ್ಳಿ, ಮಲ್ಪೆಯಲ್ಲಿ ಕಡಲಿಗೆ ಮುಖ ಮಾಡಿದ ಕಿಟಕಿಗೂ ಅದೇ ಮನೆಯ ಹಿಂದಿನ ಕಿಟಕಿಗೂ ಇರುವ ವ್ಯತ್ಯಾಸ ನೋಡಿದರೇ ಸಾಕು.

ಎರಡನೆಯ ಕಾರಣ ಬಣ್ಣ. ಗೃಹಪ್ರವೇಶಕ್ಕೆ ಒಂದು ಕೋಟು, ಮಗಳ ಮದುವೆಗೆ ಒಂದು, ಮಧ್ಯೆ ದೀಪಾವಳಿಗೆ ಒಂದು. ಪೇಂಟಿಂಗಿನವರು ಬ್ರಷ್ ಎತ್ತದೆ ಬಿಜಾಗ್ರಿ, ಚಿಲಕ, ಸಂದು ಎಲ್ಲದರ ಮೇಲೂ ಒಂದೇ ಎಳೆತ ಎಳೆದುಬಿಡುತ್ತಾರೆ. ನೋಡಲು ಚಂದ. ಒಣಗಿದ ಮೇಲೆ ಅದು ಅಂಟು ಹಾಕಿದ ಹಾಗೆ.

ಮೂರನೆಯದು ಸ್ವಲ್ಪ ತಮಾಷೆಯದ್ದು. ಬೀಗದ ಕೀ ತೂತಿಗೂ ಬಿಜಾಗ್ರಿಯ ಪೈಪಿಗೂ ಕುಂಬಾರ ಹುಳ ಬಂದು ಮಣ್ಣಿನ ಗೂಡು ಕಟ್ಟಿರುತ್ತದೆ. ಕೀ ಅರ್ಧ ಹೋಗಿ ನಿಂತರೆ ಬೀಗ ಹಾಳಾಯಿತು ಎಂದುಕೊಳ್ಳುವ ಮೊದಲು ಟಾರ್ಚ್ ಬಿಟ್ಟು ನೋಡಿ. ಮಣ್ಣಾದರೆ ಗುಂಡುಸೂಜಿಯಲ್ಲಿ ಕೆದಕಿದರೆ ಬಂತು.

ಇನ್ನು ಬಾಗಿಲು ಜೋತು ಬೀಳುವುದೂ ಉಂಟು. ಮಕ್ಕಳು ಹತ್ತಿ ಆಡಿದ್ದಿರಬಹುದು, ಒದ್ದೆ ಬಟ್ಟೆ ನೇತು ಹಾಕಿದ್ದಿರಬಹುದು. ಆಗ ಚಿಲಕದ ಕಡೆಯ ಕೆಳಮೂಲೆ ಚೌಕಟ್ಟಿಗೆ ತಾಗಿ ಕೂರುತ್ತದೆ. ಹಳೆಯ ಹ್ಯಾಕ್ಸಾ ಬ್ಲೇಡು ಒಂದನ್ನು ಸಂದಿಯಲ್ಲಿ ಸುತ್ತಲೂ ಆಡಿಸಿ ನೋಡಿ. ಎಲ್ಲಿ ಬ್ಲೇಡು ಹೋಗುವುದಿಲ್ಲವೋ ಅಲ್ಲಿ ಬಣ್ಣ ಅಥವಾ ತುಕ್ಕು ಇದೆ, ಇಲ್ಲವೇ ಕಬ್ಬಿಣ ಕಬ್ಬಿಣಕ್ಕೆ ತಾಗಿದೆ. ಸುತ್ತಲೂ ಸಲೀಸಾಗಿ ಹೋಯಿತೆಂದರೆ ಸಮಸ್ಯೆ ಬಿಜಾಗ್ರಿಯಲ್ಲೋ ಚಿಲಕದಲ್ಲೋ ಇದೆ.

ಮುಟ್ಟುವ ಮೊದಲು

ಗ್ರಿಲ್ ಕಬ್ಬಿಣದ್ದು. ಕೇಬಲ್ ಟಿವಿ ವೈರು, ಡಿಶ್ ವೈರು, ಹಬ್ಬಕ್ಕೆ ಹಾಕಿದ ಸೀರಿಯಲ್ ಸೆಟ್, ಇನ್ವರ್ಟರಿನಿಂದ ಎಳೆದ ಹೊರಗಿನ ಬಲ್ಬಿನ ವೈರು, ಎಲ್ಲವೂ ಇದರ ಮೂಲಕವೇ ಹೋಗುತ್ತವೆ. ವೈರಿನ ಸಿಪ್ಪೆ ಸವೆದು ಗ್ರಿಲ್‌ಗೆ ಕರೆಂಟು ಬಂದಿರುವ ಸಾಧ್ಯತೆ ಇದೆ. ಟೆಸ್ಟರ್ ಇಟ್ಟು ನೋಡಿ. ಟೆಸ್ಟರ್ ಒಂದನ್ನೇ ನಂಬಬೇಡಿ, ವೈರು ತಾಗಿದ್ದು ಕಂಡರೆ ಮೈನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ ಕೆಲಸ ಶುರು ಮಾಡಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರೇ ಗ್ರಿಲ್‌ಗೆ ಉಜ್ಜುತ್ತಿದ್ದರೆ ಮೈನ್ ಆಫ್ ಮಾಡಿಯೂ ಪ್ರಯೋಜನವಿಲ್ಲ. ಅದು ಮೆಸ್ಕಾಂನವರ ಕೆಲಸ, ಅವರಿಗೆ ಹೇಳಿ.

ಮಹಡಿಯಾದರೆ ಇನ್ನೊಂದು ಜಾಗ್ರತೆ ಬೇಕು. ಬಿಜಾಗ್ರಿಯ ವೆಲ್ಡಿಂಗ್ ತುಕ್ಕು ತಿಂದು ಸಡಿಲವಾಗಿದ್ದರೆ, ಬಾಗಿಲು ಬಿಡುವ ಹೊತ್ತಿಗೆ ಕಳಚಿ ಕೆಳಗೆ ಬೀಳಬಹುದು. ಕೆಳಗೆ ರಸ್ತೆ, ಅಂಗಡಿ, ನಿಂತ ಬೈಕು. ಮೊದಲೇ ಬಾಗಿಲನ್ನು ಚೌಕಟ್ಟಿನ ಗಟ್ಟಿ ಸರಳಿಗೆ ನೈಲಾನ್ ಹಗ್ಗದಲ್ಲಿ ಎರಡು ಕಡೆ ಕಟ್ಟಿ, ಒಂದು ಗೇಣು ತೆರೆಯುವಷ್ಟು ಸಡಿಲ ಬಿಡಿ. ಗ್ರಿಲ್‌ಗೆ ಮೈ ಭಾರ ಕೊಟ್ಟು ತಳ್ಳುವುದಂತೂ ಬೇಡವೇ ಬೇಡ. ಬಿಟ್ಟದ್ದೇ ಆದರೆ ಗ್ರಿಲ್ ಜೊತೆ ತಳ್ಳಿದವರೂ ಹೊರಗೆ. ಕಣಜದ ಗೂಡು ಇದೆಯೇ ಎಂದು ಹೊರಗಿನಿಂದಲೂ ಒಮ್ಮೆ ನೋಡಿಕೊಳ್ಳಿ.

ಎಣ್ಣೆ ಯಾವುದು, ಎಷ್ಟು ಹೊತ್ತು

ನಮ್ಮ ಮನೆಗಳಲ್ಲಿ ಮೊದಲು ಕೈ ಹೋಗುವುದು ತೆಂಗಿನೆಣ್ಣೆಗೆ. ತಲೆಗೆ, ಅಡುಗೆಗೆ, ದೀಪಕ್ಕೆ ಎಲ್ಲದಕ್ಕೂ ಅದೇ ತಾನೆ, ಗ್ರಿಲ್‌ಗೂ ಅದೇ. ಆದರೆ ಹಿಡಿದುಕೊಂಡ ಕಬ್ಬಿಣ ಬಿಡಿಸಲು ಅದು ಬರುವುದಿಲ್ಲ. ತೆಂಗಿನೆಣ್ಣೆ ದಪ್ಪ, ಕೂದಲೆಳೆಯ ಸಂದಿಗೆ ಇಳಿಯುವುದಿಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಕೆಲವು ತಿಂಗಳು ಹೋದರೆ ಧೂಳು ಸೇರಿ ಅಂಟಾಗುತ್ತದೆ. ಈ ವರ್ಷ ಹಾಕಿದ ತೆಂಗಿನೆಣ್ಣೆ ಮುಂದಿನ ವರ್ಷದ ಜಾಮ್‌ಗೆ ಕಾರಣ ಆದದ್ದೂ ಉಂಟು.

ಬೇಕಾದದ್ದು ನೀರಿನಷ್ಟು ತೆಳ್ಳಗಿನ ಎಣ್ಣೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬ್ಲ್ಯೂಡಿ-40 ಅಥವಾ ಅಂಥದೇ ತುಕ್ಕು ಬಿಡಿಸುವ ಸ್ಪ್ರೇ ಕೇಳಿ, ಸಣ್ಣ ಡಬ್ಬ ಸಾಕು. ಅದರ ಜೊತೆ ಬರುವ ಕೆಂಪು ಕೊಳವೆ ಎಸೆಯಬೇಡಿ, ಸಂದಿಗೆ ಗುರಿ ಇಡಲು ಅದೇ ಬೇಕು. ಮೊದಲೆಲ್ಲ ಮೆಕ್ಯಾನಿಕ್‌ಗಳು ಸೀಮೆಎಣ್ಣೆ ಬಳಸುತ್ತಿದ್ದರು, ಅದು ಚೆನ್ನಾಗಿಯೇ ಇಳಿಯುತ್ತದೆ, ಈಗ ಸಿಗುವುದೇ ಕಷ್ಟ. ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದರೂ ಕೆಲಸ ಆಗುತ್ತದೆ. ಪೆಟ್ರೋಲ್ ಮಾತ್ರ ಮುಟ್ಟಬೇಡಿ. ಯಾವುದನ್ನೇ ಹಾಕಿದರೂ ಆ ಕೋಣೆಯಲ್ಲಿ ಬೀಡಿ, ಊದುಬತ್ತಿ, ದೀಪ, ಗ್ಯಾಸ್ ಒಲೆ ಯಾವುದೂ ಇರಬಾರದು, ಕಿಟಕಿ ತೆರೆದಿರಬೇಕು.

ಎಣ್ಣೆಗೆ ಮೊದಲು ಬಣ್ಣ ತೆಗೆಯಬೇಕು. ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆಮೇಲೆ "ಸ್ಪ್ರೇ ಹಾಕಿದ್ದೆ, ಎಂತ ಪ್ರಯೋಜನ ಆಗ್ಲಿಲ್ಲ" ಎನ್ನುತ್ತಾರೆ. ಬಣ್ಣದ ಮೇಲೆ ಸುರಿದ ಎಣ್ಣೆ ಗೋಡೆಗೆ ಇಳಿಯುತ್ತದೆ ಹೊರತು ಬಿಜಾಗ್ರಿಯ ಒಳಗೆ ಹೋಗುವುದಿಲ್ಲ. ಪೈಪು ಮತ್ತು ಸರಳು ಸೇರುವ ಗೆರೆಯ ಮೇಲೆ ಹಳೆಯ ಚಾಕುವಿನಲ್ಲಿ ಸುತ್ತ ಗೀರಿ, ವೈರ್ ಬ್ರಷ್‌ನಲ್ಲಿ ಉಜ್ಜಿ, ಬರೀ ಕಬ್ಬಿಣ ಕಾಣಬೇಕು. ಬಾಗಿಲಿನ ಸುತ್ತಲ ಸಂದಿಯನ್ನೂ ಹ್ಯಾಕ್ಸಾ ಬ್ಲೇಡಿನಲ್ಲಿ ಹಾಗೆಯೇ ಬಿಡಿಸಿಕೊಳ್ಳಿ. ಬ್ಲೇಡಿನ ಹಿಡಿಯುವ ತುದಿಗೆ ಬಟ್ಟೆ ಸುತ್ತಿ.

ಮನೆ ಹಳೆಯದಾದರೆ ಒಂದು ಮಾತು. ಮನೆಗೆ ಬಳಸುವ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು ಎಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಎನಾಮಲ್ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಒಣ ಬಣ್ಣ ಕೆರೆದರೆ ಅದರ ಪುಡಿ ನೆಲಕ್ಕೆ ಬೀಳುತ್ತದೆ, ಅಂಬೆಗಾಲಿಡುವ ಮಗು ಅದರ ಮೇಲೆ ಕೈಯೂರಿ ಅದೇ ಕೈ ಬಾಯಿಗೆ ಇಡುತ್ತದೆ. ಹಾಗಾಗಿ ಕೆಳಗೆ ಪೇಪರ್ ಹಾಸಿ, ಬಣ್ಣಕ್ಕೆ ನೀರು ಚಿಮುಕಿಸಿ ಕೆರೆಯಿರಿ. ಮಾಸ್ಕ್ ಹಾಕಿ, ಪೇಪರನ್ನು ಹಾಗೆಯೇ ಮಡಚಿ ಕಸಕ್ಕೆ ಹಾಕಿ. ಪೊರಕೆಯಲ್ಲಿ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ಒಳ್ಳೆಯದು. ನೀರು ಪೂರ್ತಿ ಆರಿದ ಮೇಲೆ ಎಣ್ಣೆ ಹಾಕಿ.

ಎಣ್ಣೆಯನ್ನು ಯಾವಾಗಲೂ ಬಿಜಾಗ್ರಿಯ ಮೇಲುಗಡೆಯಿಂದ ಬಿಡಬೇಕು, ಅದು ತಾನಾಗಿ ಕೆಳಗೆ ಇಳಿಯುತ್ತದೆ. ಡೀಸೆಲ್ ಆದರೆ ಹಳೆಯ ಬನಿಯನ್ ಬಟ್ಟೆ ಅದರಲ್ಲಿ ಅದ್ದಿ ಬಿಜಾಗ್ರಿಗೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ರಾತ್ರಿ ಬಿಡಿ. ಸ್ಪ್ರೇ ಆದರೆ ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಒಮ್ಮೆ. ಹಾಕಿದ ಹತ್ತು ನಿಮಿಷಕ್ಕೇ ಎಳೆದು ನೋಡುವ ಚಪಲ ಬೇಡ.

ಬಡಿಯುವುದು, ಆಡಿಸುವುದು

ಎಣ್ಣೆ ತಾನೇ ತುಕ್ಕು ಒಡೆಯುವುದಿಲ್ಲ. ತುಕ್ಕಿನಲ್ಲಿ ಬಿರುಕು ಬೀಳಬೇಕು, ಆ ಬಿರುಕಿಗೆ ಎಣ್ಣೆ ಇಳಿಯಬೇಕು. ಅದಕ್ಕೇ ಸುತ್ತಿಗೆ. ದೊಡ್ಡದು ಬೇಡ, ಸಾಧಾರಣ ಮನೆ ಸುತ್ತಿಗೆ. ಬಿಜಾಗ್ರಿಯ ಪೈಪಿನ ಮೇಲೆ ಮರದ ತುಂಡು ಇಟ್ಟು ಟಕ್ ಟಕ್ ಎಂದು ಇಪ್ಪತ್ತು ಮೂವತ್ತು ಸಣ್ಣ ಪೆಟ್ಟು, ಸುತ್ತಲೂ. ಒಂದು ದೊಡ್ಡ ಪೆಟ್ಟಿಗಿಂತ ಮೂವತ್ತು ಸಣ್ಣ ಪೆಟ್ಟು ಹೆಚ್ಚು ಕೆಲಸ ಮಾಡುತ್ತದೆ. ಸರಳಿನ ತಲೆಗೆ ನೇರ ಹೊಡೆಯಬೇಡಿ, ತಲೆ ಅರಳಿ ಅಣಬೆಯಂತಾದರೆ ಆಮೇಲೆ ಸರಳು ಯಾವ ಕಡೆಯಿಂದಲೂ ಬರುವುದಿಲ್ಲ. ಕಣ್ಣಿಗೆ ಕನ್ನಡಕ ಇರಲಿ, ತುಕ್ಕಿನ ಚೂರು ಸಿಡಿಯುತ್ತದೆ.

ಮತ್ತೆ ಎಣ್ಣೆ, ಮತ್ತೆ ಪೆಟ್ಟು. ನಂತರ ಬಾಗಿಲನ್ನು ಬಿಜಾಗ್ರಿಯ ಹತ್ತಿರವೇ ಹಿಡಿದು ತೆರೆಯುವ ದಿಕ್ಕಿಗೆ ಒತ್ತಿ, ಮುಚ್ಚುವ ದಿಕ್ಕಿಗೂ ಒತ್ತಿ. ಚಿಲಕದ ತುದಿ ಹಿಡಿದು ಎಳೆದರೆ ಬಲ ಹೆಚ್ಚು ಸಿಗುತ್ತದೆ ನಿಜ, ಆದರೆ ಆ ಬಲಕ್ಕೆ ಮೊದಲು ಬಾಗುವುದು ಬಾಗಿಲಿನ ಪಟ್ಟಿ. ಒಂದು ಅಕ್ಕಿ ಕಾಳಿನಷ್ಟು ಅಲುಗಿತು ಎಂದರೆ ಅರ್ಧ ಕೆಲಸ ಆಯಿತು. ಈ ಹೊತ್ತಿಗೆ ಖುಷಿಯಲ್ಲಿ ಜಗ್ಗಿ ವೆಲ್ಡಿಂಗ್ ಕಿತ್ತುಕೊಂಡವರು ಬಹಳ. ಅಲುಗಿದಷ್ಟೇ ಆಡಿಸಿ, ಎಣ್ಣೆ ಬಿಡಿ, ಮತ್ತೆ ಆಡಿಸಿ. ಕಂದು ಬಣ್ಣದ ರಾಡಿ ಹೊರಗೆ ಬರುತ್ತದೆ, ಒರೆಸಿ. ಬರುವ ಎಣ್ಣೆ ತಿಳಿಯಾಗುವವರೆಗೂ ಇದೇ ಕೆಲಸ. ಮೇಲಿನ ಬಿಜಾಗ್ರಿ ಬಿಟ್ಟು ಕೆಳಗಿನದು ಬಿಡದಿದ್ದರೆ ಎರಡೂ ಸಮ ಬರುವ ತನಕ ಕಾಯಬೇಕು, ಇಲ್ಲವಾದರೆ ಬಾಗಿಲು ತಿರುಚಿಕೊಳ್ಳುತ್ತದೆ.

ಜೋತು ಬಿದ್ದ ಬಾಗಿಲಾದರೆ ಕೆಳಗೆ ಮರದ ತುಂಡಿಟ್ಟು ಅದರ ಮೇಲೆ ಸಣ್ಣ ಹಾರೆಯನ್ನು ಮೀಟುಗೋಲಿನಂತೆ ಒತ್ತಿ ಬಾಗಿಲನ್ನು ಎತ್ತಿ ಹಿಡಿಯಲು ಒಬ್ಬರು ಬೇಕು, ಆಗ ಇನ್ನೊಬ್ಬರು ಚಿಲಕ ತೆಗೆಯಬಹುದು. ಹಾರೆಗೆ ಇಲ್ಲಿ ಇರುವುದು ಅಷ್ಟೇ ಕೆಲಸ, ಗ್ರಿಲ್ ಕೀಳುವುದಲ್ಲ. ಚಿಲಕದ ಸರಳು ಹಿಡಿದಿದ್ದರೂ ಉಪಾಯ ಇದೇ: ಬಣ್ಣ ತೆಗೆದು ಎಣ್ಣೆ ಬಿಟ್ಟು, ಸರಳನ್ನು ಮೊದಲು ಮೇಲೆ ಕೆಳಗೆ ತಿರುಗಿಸಿ, ತಿರುಗಿದ ಮೇಲೆ ಪಕ್ಕಕ್ಕೆ ಎಳೆಯಿರಿ. ನೇರ ಎಳೆದರೆ ಹಿಡಿ ಮುರಿದು ಕೈಗೆ ಬರುತ್ತದೆ.

ಬೀಗ ಬರದಿದ್ದರೆ

ಕೀ ಒಳಗೆ ಹೋಗಿ ತಿರುಗದಿದ್ದರೆ ಕೀಗೆ ಇಕ್ಕಳ ಹಾಕಿ ತಿರುಗಿಸಬೇಡಿ. ಕೀ ತುಂಡಾಗಿ ಒಳಗೆ ಉಳಿದರೆ ಬೀಗದ ಕತೆ ಮುಗಿಯಿತು. ಸ್ಪ್ರೇ ಬಿಟ್ಟು ಅರ್ಧ ಗಂಟೆ ಕಾಯಿರಿ, ಬೀಗದ ಹೊಟ್ಟೆಗೆ ಮರದ ತುಂಡಿನಲ್ಲಿ ತಟ್ಟಿ, ಕೀ ಒಳಗೆ ಹೊರಗೆ ಆಡಿಸಿ, ಆಮೇಲೆ ಎರಡೂ ಕಡೆ ಮೆಲ್ಲಗೆ ತಿರುಗಿಸಿ. ತುಕ್ಕಿಲ್ಲದ, ಬರೀ ಒಣಗಿ ಬಿಗಿಯಾದ ಬೀಗಕ್ಕೆ ಪೆನ್ಸಿಲ್ ಸೀಸದ ಕಡ್ಡಿ ಪುಡಿ ಮಾಡಿ ಕೀಗೆ ಹಚ್ಚಿ ಹಾಕಿದರೆ ಸಾಕು. ಎಣ್ಣೆ ಮತ್ತು ಪೆನ್ಸಿಲ್ ಪುಡಿ ಎರಡನ್ನೂ ಒಟ್ಟಿಗೆ ಹಾಕಿದರೆ ಒಳಗೆ ಹಿಟ್ಟಾಗುತ್ತದೆ, ಯಾವುದಾದರೂ ಒಂದು.

ಕೀಯೇ ಕಳೆದಿದ್ದರೆ ಕತ್ತರಿಸಲೇ ಬೇಕು. ಇಲ್ಲಿ ಒಂದು ಸಂಗತಿ ಗೊತ್ತಿರಲಿ. ಒಳ್ಳೆಯ ಬೀಗದ ಬಳೆ ಗಟ್ಟಿ ಮಾಡಿದ ಉಕ್ಕಿನದ್ದು, ಹ್ಯಾಕ್ಸಾ ಅದರ ಮೇಲೆ ಜಾರುತ್ತದೆ. ಬೀಗ ನೇತಾಡುವ ಕೊಂಡಿ ಮಾತ್ರ ಸಾದಾ ಕಬ್ಬಿಣ. ಕೊಂಡಿಯನ್ನೇ ಕೊಯ್ದರೆ ಕಾಲು ಗಂಟೆಯ ಕೆಲಸ, ಮತ್ತೆ ಹೊಸ ಕೊಂಡಿ ವೆಲ್ಡ್ ಮಾಡಿಸುವುದು ದೊಡ್ಡ ಖರ್ಚಲ್ಲ. ಇದನ್ನು ಓದಿದವರಿಗೆ ಕಳ್ಳನೂ ಹೀಗೇ ಮಾಡುತ್ತಾನಲ್ಲ ಎನಿಸಬಹುದು. ಹೌದು, ಮಾಡುತ್ತಾನೆ. ಅದಕ್ಕೇ ಕೊಂಡಿ ಹೊರಗಿನಿಂದ ಕೈಗೆ ಸಿಗದಂತೆ ಒಳಗಡೆ ಇರಬೇಕು.

ವೆಲ್ಡಿಂಗಿನವರನ್ನು ಕರೆಯಬೇಕಾದ ಸಂದರ್ಭಗಳೂ ಇವೆ. ಸರಳು ತುಕ್ಕು ತಿಂದು ತೆಳ್ಳಗಾಗಿದ್ದರೆ, ಬಿಜಾಗ್ರಿಯ ಬುಡದಲ್ಲಿ ಬಿರುಕು ಕಂಡರೆ, ಗ್ರಿಲ್ ಹಿಡಿದ ಮರದ ದಾರಂದವೇ ಗೆದ್ದಲು ಹಿಡಿದು ಮೆತ್ತಗಾಗಿದ್ದರೆ ಮನೆಯಲ್ಲಿ ಸಾಹಸ ಬೇಡ. ಎರಡು ಮೂರು ದಿನ ಎಣ್ಣೆ ಹಾಕಿ ಬಡಿದರೂ ಕೂದಲೆಳೆಯಷ್ಟೂ ಅಲುಗದಿದ್ದರೂ ಅಷ್ಟೇ. ಅವರು ಬಂದಾಗ ಎಣ್ಣೆ ಹಾಕಿದ್ದೀರಿ ಎಂದು ಮೊದಲೇ ಹೇಳಿ. ಡೀಸೆಲ್ ನೆನೆದ ಬಿಜಾಗ್ರಿಗೆ ಗ್ರೈಂಡರ್ ಹಿಡಿದರೆ ಕಿಡಿ ಬಿದ್ದು ಹೊತ್ತಿಕೊಳ್ಳಬಹುದು. ಪರದೆ, ಹಾಸಿಗೆ, ಸೊಳ್ಳೆ ಪರದೆ ಎಲ್ಲ ತೆಗೆದು ಗಾಜಿಗೆ ಒದ್ದೆ ಗೋಣಿಚೀಲ ಕಟ್ಟಿ. ಗ್ರೈಂಡರಿನ ಕಿಡಿ ಗಾಜಿನ ಮೇಲೆ ಬಿದ್ದರೆ ಚುಕ್ಕಿ ಚುಕ್ಕಿಯಾಗಿ ಅಂಟಿಕೊಳ್ಳುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಬಕೆಟ್ ನೀರು ಹತ್ತಿರ ಇರಲಿ, ಅವರು ಹೋದ ಮೇಲೂ ಅರ್ಧ ಗಂಟೆ ಆ ಕೋಣೆಯ ಮೇಲೆ ಒಂದು ಕಣ್ಣಿರಲಿ.

ಬಿಟ್ಟಿತು, ಇನ್ನು ಮತ್ತೆ ಹಿಡಿಯದ ಹಾಗೆ

ತುಕ್ಕು ತೆಗೆಯಲು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ಸುಲಭ ಎಂಬ ಸಲಹೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಆಸಿಡ್ ತುಕ್ಕು ತಿನ್ನುವುದು ನಿಜ. ತುಕ್ಕು ಮುಗಿದ ಮೇಲೆ ಕಬ್ಬಿಣವನ್ನೂ ತಿನ್ನುತ್ತದೆ. ಅದು ಬಿಟ್ಟುಹೋಗುವ ಅಂಶ ಕಡಲಿನ ಉಪ್ಪಿನ ಜಾತಿಯದ್ದೇ. ಬಿಜಾಗ್ರಿಯ ಒಳಗೆ ಸೇರಿದ್ದನ್ನು ತೊಳೆದು ತೆಗೆಯಲು ಆಗುವುದಿಲ್ಲ, ಹಾಗಾಗಿ ಒಂದೇ ಮಳೆಗಾಲದಲ್ಲಿ ಮೊದಲಿಗಿಂತ ಜೋರಾಗಿ ತುಕ್ಕು ಬರುತ್ತದೆ. ವೈರ್ ಬ್ರಷ್ ಮತ್ತು ಎಮರಿ ಪೇಪರೇ ಸಾಕು.

ಉಜ್ಜಿದ ಮೇಲೆ ಸಿಹಿ ನೀರಿನಲ್ಲಿ ಒಮ್ಮೆ ಒರೆಸಿ. ಕಡಲ ಬದಿಯ ಮನೆಯವರು ಇದನ್ನು ಮರೆಯಬಾರದು, ಉಪ್ಪಿನ ಮೇಲೆ ಬಣ್ಣ ಹೊಡೆದರೆ ಒಳಗಿನಿಂದಲೇ ಗುಳ್ಳೆ ಏಳುತ್ತದೆ. ಬಿಸಿಲಲ್ಲಿ ಪೂರ್ತಿ ಆರಲಿ, ಬಣ್ಣ ಬೀಳುವ ಕಡೆ ಉಳಿದ ಎಣ್ಣೆಯನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ, ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಅದು ಒಣಗಿದ ಮೇಲೆ ಎನಾಮಲ್ ಎರಡು ಕೋಟು. ಬಿಜಾಗ್ರಿಯ ಸಂದು, ಚಿಲಕದ ಸರಳು, ಬಾಗಿಲು ಚೌಕಟ್ಟಿಗೆ ತಾಗುವ ಅಂಚು, ಈ ಮೂರಕ್ಕೂ ಪೇಂಟಿಂಗಿಗೆ ಮೊದಲು ಟೇಪ್ ಅಂಟಿಸಿ. ಕೆಲಸದವರು "ಅದೆಲ್ಲ ಬೇಡ ಬಿಡಿ" ಎಂದರೂ ನೀವೇ ನಿಂತು ಅಂಟಿಸಿ. ಬಣ್ಣ ಒಣಗುವ ಎರಡು ದಿನ ಬಾಗಿಲು ತೆರೆದೇ ಇರಲಿ. ಕೊನೆಗೆ ಬಿಜಾಗ್ರಿಗೆ ಗ್ರೀಸ್. ತೆಳು ಎಣ್ಣೆ ಬಿಡಿಸಲು ಒಳ್ಳೆಯದು, ಉಳಿಯಲು ಅಲ್ಲ. ಗ್ರೀಸ್ ನೀರನ್ನು ಹೊರಗೇ ಇಡುತ್ತದೆ.

ಹೊಸದಾಗಿ ಗ್ರಿಲ್ ಮಾಡಿಸುವವರು ಸ್ಟೀಲ್ ಹಾಕಿದರೆ ಈ ರಗಳೆಯೇ ಇಲ್ಲ ಎಂದುಕೊಳ್ಳುವುದುಂಟು. ಸ್ಟೀಲ್‌ನಲ್ಲೂ ಜಾತಿ ಇದೆ. ಅಗ್ಗದ 202 ಗ್ರೇಡ್ ಕಡಲ ಗಾಳಿಗೆ ಚಹಾ ಕಲೆಯಂತೆ ಕಂದಾಗುತ್ತದೆ, 304 ವಾಸಿ, 316 ಇನ್ನೂ ಗಟ್ಟಿ, ಬೆಲೆಯೂ ಹಾಗೆಯೇ. ಸ್ಟೀಲ್ ಬಾಗಿಲಿಗೆ ಕಬ್ಬಿಣದ ಬಿಜಾಗ್ರಿ ಹಾಕಿಸಿದರೆ ಮಾತ್ರ ದುಡ್ಡು ಕೊಟ್ಟೂ ಕೆಟ್ಟ ಹಾಗೆ. ಎರಡು ಲೋಹ ತಾಗಿ ಉಪ್ಪುನೀರು ಬಿದ್ದರೆ ಕಬ್ಬಿಣ ಬೇಗ ಹೋಗುತ್ತದೆ. ಬೀಗ ಹಿತ್ತಾಳೆಯದ್ದು ತೆಗೆದುಕೊಳ್ಳಿ.

ಬಾಗಿಲು ಬಂದರೆ ಸಾಕೇ?

ಇಷ್ಟೆಲ್ಲ ಮಾಡಿ ಗ್ರಿಲ್ ತೆರೆಯುವಾಗ ಗೊತ್ತಾಗುತ್ತದೆ, ಒಳಕ್ಕೆ ತೆರೆಯುವ ಬಾಗಿಲಿಗೆ ಮಂಚದ ತಲೆ ಅಡ್ಡ. ಹೊರಕ್ಕೆ ತೆರೆಯುವುದಾದರೆ ಎ.ಸಿ. ಪೆಟ್ಟಿಗೆಯೋ ಡಿಶ್ ಬುಟ್ಟಿಯೋ ಅಡ್ಡ. ಮತ್ತೆ ಮೇಲೆ ಸ್ಕ್ರೂ ಹಾಕಿ ಕೂರಿಸಿದ ಸೊಳ್ಳೆ ಜಾಲರಿ. ಮನೆಯ ದಪ್ಪದ ವ್ಯಕ್ತಿ ಆ ಸಂದಿಯಲ್ಲಿ ಹೊರಗೆ ದಾಟಬಲ್ಲರೇ ಎಂದು ಒಮ್ಮೆ ನೋಡಿ, ದಾಟಿದ ಮೇಲೆ ಕಾಲಿಡಲು ಸಜ್ಜಾ ಇದೆಯೇ ಎಂದೂ ನೋಡಿ. ಸಜ್ಜಾ ಇಲ್ಲದಿದ್ದರೂ ತೆರೆದ ಕಿಟಕಿಯಲ್ಲಿ ಉಸಿರಾಡಬಹುದು, ಕೂಗಬಹುದು, ಏಣಿ ಬಂದಾಗ ಹಿಡಿದುಕೊಳ್ಳಬಹುದು.

ಕೀ ವಿಷಯದಲ್ಲಿ ಮನೆ ಮನೆಗೆ ಜಗಳ. ಬೀಗದಲ್ಲೇ ಬಿಟ್ಟರೆ ಕಳ್ಳನಿಗೆ ಕೊಟ್ಟ ಹಾಗೆ, ಕಪಾಟಿನಲ್ಲಿ ಇಟ್ಟರೆ ಹೊಗೆಯಲ್ಲಿ ಸಿಗುವುದಿಲ್ಲ. ಮಧ್ಯದ ದಾರಿ: ಅದೇ ಕೋಣೆಯಲ್ಲಿ, ಹೊರಗಿನಿಂದ ಕೋಲು ಹಾಕಿದರೂ ಎಟುಕದ, ಮಲಗಿದ ಜಾಗದಿಂದ ಎದ್ದು ಕೈ ಚಾಚಿದರೆ ಸಿಗುವ ಒಂದು ಮೊಳೆ. ಆ ಮೊಳೆಗೆ ಬೇರೆ ಯಾವ ಕೀಯೂ ಇಲ್ಲ. ಸಣ್ಣ ಮಕ್ಕಳಿರುವ ಮನೆಯಲ್ಲಿ ಮೊಳೆ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ. ತೆರೆದ ಗ್ರಿಲ್‌ನಿಂದ ಮಗು ಬೀಳುವುದೂ ಅಷ್ಟೇ ದೊಡ್ಡ ಅಪಾಯ.

ಅಂಗಡಿಯವರಿಗೆ ಬೇರೆಯೇ ತೊಂದರೆ. ಮುಂದೆ ಶಟರ್, ಹಿಂದೆ ಗ್ರಿಲ್ ಹಾಕಿದ ಒಂದು ಕಿಟಕಿ, ಆ ಕಿಟಕಿಗೆ ಒತ್ತಿ ಸೂರಿನವರೆಗೆ ರಟ್ಟಿನ ಪೆಟ್ಟಿಗೆ. ರಾತ್ರಿ ಅಂಗಡಿಯಲ್ಲೇ ಮಲಗುವ ಹುಡುಗರಿದ್ದರೆ, ಹೊರಗಿನಿಂದ ಶಟರಿಗೆ ಬೀಗ ಹಾಕಿ ಹೋಗುವ ಪದ್ಧತಿ ಇದ್ದರೆ, ಹಿಂದಿನ ಗ್ರಿಲ್ ತೆರೆಯುವುದು ಅವರ ಪ್ರಾಣದ ಪ್ರಶ್ನೆ. ಶಟರಿಗೆ ಒಳಗಿನಿಂದ ತೆಗೆಯುವ ವ್ಯವಸ್ಥೆ ಮಾಡಿಸಬೇಕು, ಹಿಂದಿನ ಕಿಟಕಿಯ ಎದುರು ಒಬ್ಬರು ಹೋಗುವಷ್ಟು ಜಾಗ ಖಾಲಿ ಬಿಡಬೇಕು. ಶಟರಿನ ಎರಡೂ ಬದಿಯ ಚಾನೆಲ್‌ಗೂ ಮೇಲೆ ಹೇಳಿದ ಮಾತೇ ಅನ್ವಯ, ಆದರೆ ಅಲ್ಲಿ ಮೊದಲು ಮರಳು ಮಣ್ಣು ಬ್ರಷ್‌ನಲ್ಲಿ ತೆಗೆದು ಆಮೇಲೆ ಎಣ್ಣೆ. ಮೇಲಿನ ಸ್ಪ್ರಿಂಗ್ ಪೆಟ್ಟಿಗೆಗೆ ಮನೆಯವರು ಕೈ ಹಾಕಬಾರದು. ಬಿಗಿದ ಸ್ಪ್ರಿಂಗ್ ಬಿಚ್ಚಿಕೊಂಡರೆ ಕೈ ಮುರಿಯುತ್ತದೆ.

ಯಾರಾದರೂ ಈಗಲೇ ಒಳಗೆ ಸಿಕ್ಕಿಬಿದ್ದಿದ್ದರೆ ಎಣ್ಣೆ, ಸುತ್ತಿಗೆ ಎನ್ನುತ್ತ ಕೂರುವ ಹೊತ್ತಲ್ಲ. 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಫೋನ್ ಮಾಡಿ, ಮನೆ ಇರುವ ಜಾಗದ ಗುರುತು ಮತ್ತು "ಕಿಟಕಿಗೆ ಗ್ರಿಲ್ ಇದೆ" ಎನ್ನುವ ಮಾತು ಎರಡನ್ನೂ ಹೇಳಿ. ಕತ್ತರಿಸುವ ಸಲಕರಣೆ ಕೈಗೆ ಸಿಗುವಂತೆ ತರಲು ಅವರಿಗೆ ಅನುಕೂಲ. ಒಳಗಿನವರು ಕೋಣೆಯ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಹತ್ತಿರ ತಗ್ಗಿ ಕೂತು ಟಾರ್ಚ್ ಬೀಸಬೇಕು.

ಗ್ರಿಲ್ ಸರಿಯಾದ ಮೇಲೆ ಒಂದು ರಾತ್ರಿ ಊಟದ ನಂತರ ಕೋಣೆಯ ಲೈಟ್ ಆಫ್ ಮಾಡಿ ಮನೆಯವರೆಲ್ಲ ಒಬ್ಬೊಬ್ಬರಾಗಿ ತೆರೆದು ನೋಡಲಿ. ಅಜ್ಜಿಯ ಕೈಗೆ ಕೀ ಸಿಗುತ್ತದೆಯೇ, ಹೈಸ್ಕೂಲಿಗೆ ಹೋಗುವ ಹುಡುಗಿಗೆ ಚಿಲಕ ಎಳೆಯಲು ಬರುತ್ತದೆಯೇ ಗೊತ್ತಾಗುತ್ತದೆ. ಆಮೇಲೆ ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲಿ ಮಳೆ ಹಿಡಿಯುವ ಮೊದಲು ಮತ್ತು ನವರಾತ್ರಿ ಹೊತ್ತಿಗೆ, ಪೂರ್ತಿ ತೆರೆದು ಹಳೆಯ ಗ್ರೀಸ್ ಒರೆಸಿ ಹೊಸದು ಹಚ್ಚಿ ಮುಚ್ಚಬೇಕು. ಐದು ನಿಮಿಷದ ಕೆಲಸ. ಮುಚ್ಚಿದ ಮೇಲೆ ಕೀಯನ್ನು ಮತ್ತೆ ಅದೇ ಮೊಳೆಗೆ ಹಾಕಿ.